ನೀರಿನ ಪಾಠದ ಕೊನೆಯ ನಾಲ್ಕು ತರಗತಿ

ಎರಡನೇ ಮಹಡಿಯ ತುದಿಯಲ್ಲಿ, ಮೆಟ್ಟಿಲ ಪಕ್ಕದ ಕೋಣೆಯ ಬೀಗದಕೈ ಇದ್ದದ್ದು ಅವಳ ಬಳಿ ಮಾತ್ರ. ವಿದ್ಯಾರ್ಥಿಗಳ ಬಾಯಲ್ಲಿ ಅವಳು ಲಿಂಕಕ್ಕ. ಸಂಬಳದ ಪಟ್ಟಿಯಲ್ಲಿ ಏನೋ ಮಾರುದ್ದದ ಹುದ್ದೆಯ ಹೆಸರಿತ್ತು. ಅದನ್ನು ಪೂರ್ತಿ ಓದುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಮಂಗಳವಾರ, ಗುರುವಾರ ಹನ್ನೊಂದು ಗಂಟೆಗೆ ಈ ಕೋಣೆಯನ್ನು ರೈಲಿನಲ್ಲಿ ಒಂಬತ್ತು ತಾಸು ದೂರದ ಇನ್ನೊಂದು ವಿಶ್ವವಿದ್ಯಾಲಯದ ಕೋಣೆಗೆ ಪರದೆಯ ಮೇಲೆ ಜೋಡಿಸುವುದು, ಹಾಜರಿ ಹಾಕುವುದು, ಮಾತಾಡುವವರಿಗೆ ಮೈಕು ಒಯ್ದು ಕೊಡುವುದು, ಇಷ್ಟು ಅವಳ ಕೆಲಸ.

ಎರಡೂ ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತಿದ್ದ ಆ ಪಾಠದ ಹೆಸರು ‘ನೀರು’. ಯಾವ ವಿಭಾಗದವರೇ ಆಗಲಿ, ಇಂಥದ್ದೊಂದು ಪಾಠ ಮುಗಿಸದೆ ಪದವಿ ಕೈಗೆ ಸಿಗುತ್ತಿರಲಿಲ್ಲ. ಹಾಗಾಗಿ ಕಾನೂನಿನವರು, ನರ್ಸಿಂಗಿನವರು, ವಾಣಿಜ್ಯದವರು, ಸೇತುವೆ ಕಟ್ಟಲು ಕಲಿಯುವವರು ಎಲ್ಲ ಒಂದೇ ಕೋಣೆಯಲ್ಲಿ.

“ಎತ್ತು ಏರಿಗೆ ಕೋಣ ನೀರಿಗೆ ಅಂತಾರಲ್ಲ, ನನ್ನ ಕ್ಲಾಸಲ್ಲಿ ಎತ್ತೂ ನೀರಿಗೇ ಬರಬೇಕು ನೋಡಿ,” ಎಂದು ಪರದೆಯ ಆ ಕಡೆಯಿಂದ ಮೇಷ್ಟ್ರು ಪ್ರತಿವರ್ಷ ಮೊದಲ ದಿನ ನಗಿಸುತ್ತಿದ್ದರು. ಆರು ವರ್ಷ ಅದೇ ನಗೆಮಾತು. ಆರು ವರ್ಷವೂ ಅವಳು ನಕ್ಕಿದ್ದಳು.

ಮೇಷ್ಟ್ರನ್ನು ಅವಳು ಎದೆಯಿಂದ ಮೇಲಕ್ಕಷ್ಟೇ ಕಂಡಿದ್ದು. ಕುಳ್ಳಗಿದ್ದರೋ ಎತ್ತರವಿದ್ದರೋ ಗೊತ್ತಿಲ್ಲ. ಕನ್ನಡಕದ ಒಂದು ಕಡ್ಡಿಗೆ ಅಂಟುಪಟ್ಟಿ ಸುತ್ತಿತ್ತು. ಪ್ರತಿ ತರಗತಿಯ ಮೊದಲ ಮಾತು ಅವಳಿಗೇ: “ಮೇಡಂ, ಧ್ವನಿ ಬರ್ತಿದೆಯಾ?” ಅವಳು ಗುಂಡಿ ಒತ್ತಿ, “ಬರ್ತಿದೆ ಸರ್,” ಅನ್ನಬೇಕು. ಒಂದು ಸಲ ಮಾತ್ರ ಅವರು, “ನಿದ್ದೆಗೆಟ್ಟ ಹಾಗಿದೆ ನಿಮ್ಮ ದನಿ. ಮಗೂಗೆ ಹುಷಾರಿಲ್ವಾ?” ಅಂದಿದ್ದರು. ನಿಜಕ್ಕೂ ಮೂರು ದಿನದಿಂದ ಮಗುವಿಗೆ ಕೆಮ್ಮಿತ್ತು. ತನಗೊಂದು ಮಗುವಿದೆಯೆಂದು ಅವರಿಗೆ ಯಾವಾಗ ಹೇಳಿದ್ದೆನೋ ಅವಳಿಗೇ ನೆನಪಾಗಲಿಲ್ಲ.

ಆ ವರ್ಷದ ಪಾಠ ಇನ್ನು ನಾಲ್ಕು ತರಗತಿ ಬಾಕಿ ಇದ್ದಾಗ, ಒಂದು ಗುರುವಾರ, ಪರದೆಯ ಮೇಲೆ ಮೇಷ್ಟ್ರ ಬದಲು ಆ ಕಡೆಯ ಆಪರೇಟರ್ ಬಂದು ನಿಂತ. ಅವನು ಅಲ್ಲಿಯ ಲಿಂಕಕ್ಕ ಎನ್ನಬೇಕು, ಅವಳದೇ ಕೆಲಸ ಅವನದೂ.

“ಅಕ್ಕಾ, ಸರ್ ಹೋಗ್ಬಿಟ್ರು. ಬೆಳಿಗ್ಗೆ. ಎದೆನೋವು ಅಂದ್ರಂತೆ, ಅಷ್ಟೇ.”

“ಸರಿ,” ಅಂದಳು ಅವಳು. ವಿದ್ಯಾರ್ಥಿಗಳ ಕಡೆ ತಿರುಗಿ, “ಇವತ್ತು ಕ್ಲಾಸಿಲ್ಲ,” ಎಂದು ಅವರಿಗೂ ಕೇಳಿಸಿದ್ದನ್ನೇ ಇನ್ನೊಮ್ಮೆ ಹೇಳಿದಳು. ಮೈಕಿನ ತಂತಿ ಸುತ್ತಿಟ್ಟಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಕೂತು ನೋಡಿದಳು. ಬರಲಿಲ್ಲ.

ಮನೆಯಲ್ಲಿ ಹೇಳಿದಾಗ ಅತ್ತೆ, “ಅಯ್ಯೋ ಪಾಪ,” ಅಂದರು. ಗಂಡ, “ನೀನವರನ್ನ ನೋಡೇ ಇಲ್ವಲ್ಲೇ,” ಅಂದ.

“ಇಲ್ಲ ರೀ,” ಅಂದಳು. ಅದು ನಿಜವೇ. ಮಗುವಿನ ಹಣೆ ಮುಟ್ಟಿ ನೋಡಿದಳು, ಬಿಸಿಯಿರಲಿಲ್ಲ. ಮತ್ತೆ ಮುಟ್ಟಿದಳು. “ಮುಟ್ಟಿ ಮುಟ್ಟಿ ನೀನೇ ಜ್ವರ ಬರಿಸ್ತೀಯ ನೋಡು,” ಎಂದು ಅತ್ತೆ ಮಗುವನ್ನು ಎತ್ತಿಕೊಂಡು ಹೋದರು.

ಮಂಗಳವಾರ ಆ ಕಡೆಯ ಕಚೇರಿಯಿಂದ ಆದೇಶ ಬಂತು: ಹೋದ ವರ್ಷದ ಪಾಠ ರೆಕಾರ್ಡ್ ಆಗಿದೆ, ಉಳಿದ ನಾಲ್ಕನ್ನೂ ಎರಡೂ ಕಡೆ ಅವರವರೇ ಹಾಕಿಕೊಂಡು ಮುಗಿಸುವುದು. ಅವಳು ಹನ್ನೊಂದಕ್ಕೆ ಸರಿಯಾಗಿ ಹಾಕಿದಳು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

“ಮೇಡಂ, ಧ್ವನಿ ಬರ್ತಿದೆಯಾ?”

ಅವಳು ಗುಂಡಿ ಒತ್ತಿ, “ಬರ್ತಿದೆ ಸರ್,” ಅಂದಳು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಅಲ್ಲಿಗೇ ನಿಲ್ಲಿಸಿದರು. ಮೇಷ್ಟ್ರು ತಲೆಯಾಡಿಸಿ ಬಾವಿಯ ನೀರು ಯಾರದು ಎಂಬ ಪಾಠ ಶುರುಮಾಡಿದರು. ರೆಕಾರ್ಡ್ ಆಗಿದ್ದದ್ದು ಅವರ ಮಾತು ಮಾತ್ರ, ವಿದ್ಯಾರ್ಥಿಗಳದಲ್ಲ. ಪ್ರಶ್ನೆ ಕೇಳಿ ಅವರು ಕೈಕಟ್ಟಿ ಕೂತಾಗ ಮುಕ್ಕಾಲು ನಿಮಿಷ ಪರದೆ ಸುಮ್ಮನಿರುತ್ತಿತ್ತು. ಆಮೇಲೆ ಯಾರಿಗೋ, “ಭೇಷ್! ಆದರೆ ಅರ್ಧ ಮಾತ್ರ ಸರಿ,” ಅನ್ನುತ್ತಿದ್ದರು. ಎರಡನೇ ಸಲ ಹಾಗಾದಾಗ ಕಾನೂನು ಓದುವ ಜಡೆಯ ಹುಡುಗಿ ಆ ಸಂದಿನಲ್ಲಿ ತನ್ನ ಉತ್ತರ ತೂರಿಸಿದಳು. “ಭೇಷ್!” ಅಂದರು ಮೇಷ್ಟ್ರು. ನರ್ಸಿಂಗಿನವನೊಬ್ಬ ರೇಗಿದ:

“ಯಾರಿಗೋ ಅಂದ ಭೇಷನ್ನ ನೀನು ಜೇಬಿಗಿಳಿಸಿದೆಯಲ್ಲೇ!”

“ನಿನಗೆ ಬೇಕಿತ್ತಾ? ಬಾಯಿ ಬಿಡಬೇಕಿತ್ತು.”

ತಿಂಗಳ ಕೊನೆಗೆ ತುಂಬಿಕೊಡಬೇಕಾದ ಫಾರಮ್ಮನ್ನು ಸೂಪರಿಂಟೆಂಡೆಂಟ್ ಸಾಹೇಬರು ಅಂದೇ ಅವಳ ಮೇಜಿಗೆ ಕಳಿಸಿದರು. ಎಲ್ಲ ಮೂವತ್ತು ತರಗತಿಗಳೂ ಎರಡು ಕ್ಯಾಂಪಸ್ಸುಗಳ ನಡುವೆ ನೇರವಾಗಿ ನಡೆದಿವೆಯೆಂದು ಕೋಣೆಯ ಉಸ್ತುವಾರಿ ಸಹಿ ಹಾಕಬೇಕು. ಒಂದು ಕಡಿಮೆಯಾದರೂ ಈ ಕಡೆಯವರಿಗೆ ಪಾಠ ಲೆಕ್ಕಕ್ಕಿಲ್ಲ. ಇಪ್ಪತ್ತೇಳು ಜನರಲ್ಲಿ ಹನ್ನೊಂದು ಜನ ಕೊನೆಯ ವರ್ಷದವರು. ಪದವಿ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ. ಜಡೆಯ ಹುಡುಗಿಗೆ ಆಗಲೇ ಒಂದು ಕೆಲಸ ಸಿಕ್ಕಾಗಿತ್ತು.

“ಸಹಿ ಹಾಕಿ ಬಿಸಾಕಿ,” ಅಂದರು ಸಾಹೇಬರು. “ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.”

“ದೊಣ್ಣೆ ನನ್ನ ತಲೆ ಮೇಲೇ ಬೀಸ್ತಿರೋದು ಸರ್. ಸಹಿ ನಂದಲ್ವಾ?”

“ಹಾಗಾದ್ರೆ ಹಾಕಬೇಡಿ. ಆ ಹನ್ನೊಂದು ಮನೆಯವರಿಗೆ ನೀವೇ ಹೇಳಿ.”

ಊಟದ ಡಬ್ಬಿ ಬಿಚ್ಚದೆ ಅವಳು ನಿಯಮದ ಪುಸ್ತಕ ತೆಗೆದಳು. ನೇರ ತರಗತಿಯೆಂದರೆ, ಎರಡೂ ಕಡೆಯ ವಿದ್ಯಾರ್ಥಿಗಳು ಒಂದೇ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ನೋಡುತ್ತ, ಕೇಳುತ್ತ, ಮಾತಾಡುತ್ತ ಪಾಠ ಕಲಿಯುವುದು. ಮೂರು ಸಲ ಓದಿದಳು. ಮೇಷ್ಟ್ರು ಬದುಕಿರಬೇಕೆಂದು ಎಲ್ಲೂ ಬರೆದಿರಲಿಲ್ಲ.

ಆಪರೇಟರನಿಗೆ ಫೋನ್ ಮಾಡಿದಳು. “ಗುರುವಾರದಿಂದ ಮತ್ತೆ ಲಿಂಕ್ ಜೋಡಿಸೋಣ. ಸರ್ ಪಾಠ ಒಟ್ಟಿಗೇ ಹಾಕೋಣ. ಅವರು ಪ್ರಶ್ನೆ ಕೇಳಿದ ತಕ್ಷಣ ನಿಲ್ಸು. ನಮ್ಮವರು ನಿಮ್ಮವರಿಗೆ, ನಿಮ್ಮವರು ನಮ್ಮವರಿಗೆ ಉತ್ತರ ಹೇಳಲಿ.”

“ಅಲ್ಲಿಗೆ ಮೂರು ಕ್ಲಾಸ್ ಆಯ್ತು. ಇವತ್ತಿಂದು?”

“ಶನಿವಾರ ಇನ್ನೊಂದ್ಸಲ ಮಾಡಬೇಕು.”

“ಶನಿವಾರ ನನ್ನ ಹೆಂಡತಿ ಮನೆಗೆ ಸೇರಿಸಲ್ಲ ಅಕ್ಕ, ಈಗಲೇ ಹೇಳ್ತೀನಿ,” ಎಂದವನು, ಕೊನೆಗೆ ಬಂದ.

ಆ ಶನಿವಾರ ಅತ್ತೆಗೆ ಮಂಡಿ ನೋವಾದ್ದರಿಂದ ಮಗುವೂ ಕೋಣೆಗೆ ಬಂತು. ತಂತಿ ಬಾಯಿಗಿಟ್ಟುಕೊಂಡೀತೆಂದು ಅವಳು ಒಂದು ಕಣ್ಣು ಅದರ ಮೇಲೆ, ಒಂದು ಕಣ್ಣು ಪರದೆಯ ಮೇಲೆ ಇಟ್ಟಳು. ಬಾವಿಯ ನೀರಿಗಾಗಿ ಎರಡೂ ಕಡೆಯವರು ಗಂಟಲು ಹರಿದುಕೊಂಡು ಕಾದಾಡಿದರು. ಭೂಮಿ ಕೊಂಡವನದೇ ನೀರು ಎಂದು ಇವರು, ನೀರಿಗೇನು ಬೇಲಿಯುಂಟೇ ಎಂದು ಅವರು. ಆ ಕಡೆಯ ಒಬ್ಬನಂತೂ ಎದ್ದು ನಿಂತು, “ನಿಮ್ಮ ಲಾಯರಮ್ಮನ್ನ ಸುಮ್ಮನೆ ಕೂರಿಸ್ರೀ,” ಎಂದು ಕೂಗಿದ. ಎಲ್ಲರೂ ನಕ್ಕರು. ಮೈಕು ಒಯ್ದು ಕೊಡುವುದು, ಹಿಂದಕ್ಕೆ ತರುವುದು. ಅವಳ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಈ ಜಗಳ ಕಂಡಿದ್ದರೆ ಮೇಷ್ಟ್ರು ಕುಣಿದಾಡುತ್ತಿದ್ದರು ಎಂದುಕೊಂಡಳು. ಅಂದುಕೊಂಡದ್ದು ತಲೆಯಲ್ಲೇ ಉಳಿಯಿತು, ಎದೆಗೆ ಇಳಿಯಲಿಲ್ಲ.

ಕೊನೆಯ ತರಗತಿ ಮುಗಿದ ಮರುದಿನ ಫಾರಂ ತುಂಬಿದಳು. ಅಡ್ಡಗೋಡೆಯ ಮೇಲೆ ದೀಪವಿಡಲಿಲ್ಲ. ಒಂದು ತರಗತಿ ನೇರವಾಗಿ ಆಗಲಿಲ್ಲ, ಶನಿವಾರ ಮತ್ತೆ ಮಾಡಿದ್ದೇವೆ, ಮೇಷ್ಟ್ರ ಮಾತು ಹೋದ ವರ್ಷದ್ದು, ಚರ್ಚೆ ಈ ವರ್ಷದ್ದು ಎಂದು ಬಿಡಿಸಿ ಬರೆದು ಸಹಿ ಹಾಕಿದಳು.

ಸಾಹೇಬರು ಆ ಕಡೆಯ ಕಚೇರಿಗೆ ಫೋನ್ ಹಚ್ಚಿ ಅಷ್ಟನ್ನೂ ಓದಿ ಹೇಳಿದರು. ಬಹಳ ಹೊತ್ತು ಹೂಂಗುಟ್ಟಿದರು. ಫೋನ್ ಇಟ್ಟು, “ಒಪ್ಪಿದ್ರು ಕಣ್ರಿ. ಹನ್ನೊಂದು ಜನರೂ ಬಚಾವ್,” ಅಂದರು.

“ಹೌದಾ ಸರ್.”

“ಇದೊಂದು ಖಾಲಿ ಬಿಟ್ಟಿದ್ದೀರಿ ನೋಡಿ. ಬೋಧಕರ ಸಹಿ. ಒಂದು ಗೀಟೆಳೀರಿ, ಸಾಕು.”

ಅವಳು ಪೆನ್ನು ತೆಗೆದುಕೊಂಡಳು. ಗೀಟಿನ ಬದಲು ಆ ಚೌಕದಲ್ಲಿ ‘ದಿವಂಗತ’ ಎಂದು ಬರೆಯತೊಡಗಿದಳು. ಎರಡಕ್ಷರ ಬರೆದು ಪೆನ್ನೆತ್ತಿದಳು, ಮತ್ತೆ ಊರಿದಳು. ಜಾಗ ಸಾಲದೆ ಕೊನೆಯ ಅಕ್ಷರ ಪಕ್ಕದ ಚೌಕಕ್ಕೆ ಹಾಯ್ದು ಅವಳ ಸಹಿಯ ಮೇಲೆ ಕೂತಿತು.

“ಕೆಟ್ಟೋಯ್ತಲ್ಲ. ಬೇರೆ ಫಾರಂ ಕೊಡ್ಲಾ?”

“ಬೇಡ ಸರ್. ಹಾಗೇ ಇರಲಿ.”

ಸಾಹೇಬರು ಅವಳ ಮುಖವನ್ನೊಮ್ಮೆ ನೋಡಿ ಮೊಹರು ಒತ್ತಿದರು.