ಕೆಂಪು ದಾರದ ಚೀಲ ಮತ್ತು ಅಧ್ಯಕ್ಷರ ಫೋಟೋ

"ಕಾಕಾ, ನನ್ನ ತೊಗರಿ ನಿಮ್ಮ ಕಂಪನಿ ತಗೊಂಡದೋ, ಇಲಿ ತಿಂದಾವೋ?"

ಠಾಣಾ ಕುಶನೂರಿನ ಗಂಗಮ್ಮ ಬೀದರಿನ ನಮ್ಮ ಆಫೀಸಿಗೆ ಬಂದು, ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದ ಪ್ರಶ್ನೆ ಇದು. ನಾನು ನಕ್ಕೆ. ಆಕೆ ನಗಲಿಲ್ಲ.

ನಾನು ನಮ್ಮ ಭಾಗದ ತೊಗರಿ ಬೆಳೆಗಾರರ ಕಂಪನಿಯೊಂದರ ಅಧ್ಯಕ್ಷ. ಬೀದರಿನಲ್ಲಿ ಆಫೀಸು, ಭಾಲ್ಕಿ ಮತ್ತು ಔರಾದಿನಲ್ಲಿ ಖರೀದಿ ಕೇಂದ್ರ. ಈಗ ನಿರ್ದೇಶಕರ ಚುನಾವಣೆ. ಕಳೆದ ಹಂಗಾಮಿನಲ್ಲಿ ಮಾಲು ಕೊಟ್ಟ ಸದಸ್ಯರಿಗಷ್ಟೇ ವೋಟು, ಅವರಷ್ಟೇ ನಿಲ್ಲಬಹುದು. ಗಂಗಮ್ಮನಿಗೆ ನಿಲ್ಲುವ ಆಸೆ. ಆದರೆ ಮಾಲು ಕೊಟ್ಟವರ ಹೆಸರು ಹಾಕಿ ಗೋಡೆಗೆ ಅಂಟಿಸಿದ ರಿಪೋರ್ಟಿನಲ್ಲಿ ಆಕೆಯ ಹೆಸರೇ ಇಲ್ಲ. ತಕರಾರು ಸಲ್ಲಿಸಲು ಶನಿವಾರದವರೆಗೆ ಮಾತ್ರ ಅವಕಾಶ.

"ಮಾಲು ಕೊಟ್ಟಿದ್ದು ಖರೇನಾ ಅವ್ವ?"

"ಕೆಂಪು ದಾರದ ಚೀಲ ನಂದೇರಿ. ಬೇಕಾದ್ರ ಶಮೀಮಗ ಕೇಳ್ರಿ."

ನಮ್ಮ ಕಡೆ ನಾಲ್ಕಾರು ಮನೆಯವರು ಕೂಡಿ ಒಂದೇ ಟೆಂಪೊದಲ್ಲಿ ಮಾಲು ತರುತ್ತಾರೆ. ಚೀಲ ಯಾರದೆಂದು ತಿಳಿಯಲು ಅದರ ಬಾಯಿಯನ್ನು ಒಂದೊಂದು ಮನೆಯವರು ಒಂದೊಂದು ಬಣ್ಣದ ದಾರದಲ್ಲಿ ಹೊಲಿಯುತ್ತಾರೆ. ತೂಕದ ಚೀಟಿ ಮಾತ್ರ ಡ್ರೈವರ್ ಪಕ್ಕ ಕೂತು ಬಂದವನ ಹೆಸರಿಗೆ. ಹಣದ ಹಂಚಿಕೆಯೆಲ್ಲ ಊರಿಗೆ ಹೋದ ಮೇಲೆ. (ಡ್ರೈವರ್ ಪಕ್ಕ ಹೆಂಗಸರು ಕೂತದ್ದನ್ನು ನೀವೆಷ್ಟು ಸಲ ನೋಡಿದ್ದೀರಿ?)

ಆದರೆ ಔರಾದ್ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಶಮೀಮ್, ತೂಕದ ಹೊತ್ತಿಗೆ ದಾರದ ಬಣ್ಣ ವಿಚಾರಿಸಿ ಪ್ರತಿ ಚೀಲದ ಒಡೆಯರ ಹೆಸರನ್ನೂ ಹಾಕಿದ್ದಳು. ಅಂದರೆ ಗಂಗಮ್ಮನ ಹೆಸರು ಕಂಪ್ಯೂಟರಿನಲ್ಲಿತ್ತು. ಕಾಗದಕ್ಕೆ ಯಾಕೆ ಬರಲಿಲ್ಲ?

ಬರದಂತೆ ಮಾಡಿದವನು ನಾನು.

ಹೋದ ವರ್ಷ ರಿಪೋರ್ಟ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಆರಿಸಬೇಕಾಗಿತ್ತು. ಕಂಪ್ಯೂಟರಿನಲ್ಲಿರುವ ಲೆಕ್ಕ ಹಾಳೆಯ ಮೇಲೆ ಹೇಗೆ ಕಾಣಬೇಕು, ಯಾವ ಕಾಲಂ ಎಲ್ಲಿರಬೇಕು ಎಂದು ಜೋಡಿಸುವ ಸಾಫ್ಟ್‌ವೇರ್ ಅದು. ಎರಡು ಆಯ್ಕೆ ಇತ್ತು. ಒಂದು, ಕಂಪನಿಯೊಂದು ಮಾರುವಂಥದ್ದು. ಇನ್ನೊಂದು ಓಪನ್ ಸೋರ್ಸ್. ಅಂದರೆ ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಂಡು, ಒಳಗೆ ಬಿಚ್ಚಿ ನೋಡಿ, ತಿದ್ದಿಕೊಳ್ಳಬಹುದಾದದ್ದು. ಅದರಲ್ಲಿ ಶಮೀಮ್ ಒಂದು ನಮೂನೆ ಮಾಡಿ ತಂದಿದ್ದಳು. ಚೀಲಕ್ಕೊಂದು ಸಾಲು, ಸಾಲಿಗೊಂದು ಹೆಸರು.

ಮಾರಾಟಗಾರ ತಂದ ನಮೂನೆಯಲ್ಲಿ ಟೆಂಪೊಗೊಂದೇ ಸಾಲು, ಚೀಟಿ ಪಡೆದವನದೊಂದೇ ಹೆಸರು. ಆದರೆ ಮೇಲ್ಗಡೆ, ಬಣ್ಣದಲ್ಲಿ, ಅಧ್ಯಕ್ಷರ ಫೋಟೋ. ನನ್ನದು. ಮದುವೆ ಕಾರ್ಡಿನಷ್ಟು ಚಂದ.

ಸಭೆಯಲ್ಲಿ ನಾನು ಹೇಳಿದ್ದು ಇಷ್ಟು: "ಶಮೀಮಂದು ನೋಡೀನಿ. ನಡೆಯಲ್ಲ. ಫುಕಟ್ ಮಾಲಿಗೆ ನಾಳೆ ಜವಾಬ್ದಾರಿ ಯಾರು?" ಎಲ್ಲರೂ ತಲೆಯಾಡಿಸಿದರು. ನಾನು ಅದನ್ನು ನೋಡಿರಲೇ ಇಲ್ಲ.

ಈಗ ಆ ಜವಾಬ್ದಾರಿಯುತ ಕಂಪನಿಗೆ ಫೋನ್ ಮಾಡಿದೆ. ಎತ್ತಿದರು, ಸುಳ್ಳು ಹೇಳಬಾರದು. ಸರ್, ಡಿಸೈನ್ ಬದಲಿಸುವ ಲೈಸೆನ್ಸ್ ನಿಮ್ಮಲ್ಲಿ ಒಂದೇ ಕಂಪ್ಯೂಟರಿಗಿದೆ, ಅಲ್ಲೇ ಮಾಡಿಕೊಳ್ಳಿ ಎಂದರು. ಆ ಕಂಪ್ಯೂಟರ್ ಯಾವುದು? ನನ್ನ ಮೇಜಿನ ಮೇಲಿನದು. ಅಧ್ಯಕ್ಷರ ಕೈಯಲ್ಲೇ ಇರಲಿ ಎಂದು ಹಟ ಹಿಡಿದವನೂ ನಾನೇ. ಮೆಟ್ರಿಕ್ ಓದಿದ ನನಗೆ ಅದರಲ್ಲಿ ಬರುವುದು ಆನ್ ಮಾಡುವುದು, ಆಫ್ ಮಾಡುವುದು. ನೀವೇ ಮಾಡಿಕೊಡಿ ಎಂದೆ. ಮುಂದಿನ ವಾರ ನೋಡೋಣ ಎಂದರು.

ಶನಿವಾರ ಮುಂದಿನ ವಾರದವರೆಗೆ ಕಾಯುತ್ತದೆಯೇ?

ಗಂಗಮ್ಮನ ಎದುರೇ ಶಮೀಮಳಿಗೆ ಫೋನ್ ಹಚ್ಚಿದೆ.

"ನಿನ್ನ ರಿಪೋರ್ಟ್ ಇನ್ನಾ ಅದ ಏನವ್ವ?"

"ಯಾವುದು ಚಾಚಾ? ನೀವು ನೋಡೀನಿ ಅಂದಿದ್ರಲ್ಲ, ಅದಾ?"

"ನೋಡಿರ್ಲಿಲ್ಲವ್ವ. ಸುಳ್ಳು ಹೇಳ್ದೆ. ತಪ್ಪಾಯ್ತು."

"ಗೊತ್ತದ ಚಾಚಾ. ಆವತ್ತು ನನ್ನ ಲ್ಯಾಪ್‌ಟಾಪ್ ಚಾಲೂನೇ ಆಗಿರ್ಲಿಲ್ಲ!"

ಅಂದರೆ ಅವಳಿಗೆ ಆವತ್ತೇ ಗೊತ್ತಿತ್ತು. ಬಹುಶಃ ಸಭೆಯಲ್ಲಿದ್ದ ಎಲ್ಲರಿಗೂ. ಫೋನಿನ ಆ ಕಡೆ ಶಮೀಮ್ ನಗುತ್ತಿದ್ದಳು, ಈ ಕಡೆ ಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಹಾಗಂತ ಓಪನ್ ಸೋರ್ಸ್ ಹೂವಿನ ಹಾದಿಯಲ್ಲ. ಮರುದಿನ ಔರಾದಿಗೆ ಹೋಗಿ ಶಮೀಮಳ ಪಕ್ಕದಲ್ಲೇ ಕೂತು ಕಣ್ಣಾರೆ ನೋಡಿದೆ. ಮಾರಾಟದ ಸಾಫ್ಟ್‌ವೇರಿನಲ್ಲಿ ಮೌಸ್ ಹಿಡಿದು ಎಳೆದರೆ ಮುಗಿಯುವ ಕೆಲಸಕ್ಕೆ ಇಲ್ಲಿ ಅವಳು ಏನೇನೋ ಟೈಪ್ ಮಾಡಬೇಕಿತ್ತು. ಒಂದು ಕಾಲಂ ಹಾಳೆಯಿಂದ ಹೊರಗೇ ಹೋಯಿತು. ಬೈಯೋಣವೆಂದರೆ ಫೋನ್ ನಂಬರ್ ಇಲ್ಲ. ಅದನ್ನು ಬಳಸುವವರೆಲ್ಲ ಸೇರುವ ಇಂಟರ್‌ನೆಟ್ ಪುಟದಲ್ಲಿ ಅವಳು ಪ್ರಶ್ನೆ ಹಾಕಿದಳು. ಚಹಾ ಕುಡಿದು ಬರುವಷ್ಟರಲ್ಲಿ ಯಾವ ದೇಶದವನೋ ಉತ್ತರ ಬರೆದಿದ್ದ.

"ಅಂವಗ ಏನು ಲಾಭವ್ವ ಇದ್ರಾಗ?"

"ನಾಳಿ ಅಂವ ಕೇಳ್ದಾಗ ನಾ ಹೇಳ್ತೀನಿ ಚಾಚಾ."

ಈ ವಯಸ್ಸಿನಲ್ಲಿ ಮನಸ್ಸು ಹಗುರಾಗಲು ಇಷ್ಟು ಸಾಕಾಯಿತು.

ಈಗ ಹೀಗೆ ಮಾಡಿಕೊಂಡಿದ್ದೇವೆ. ಬ್ಯಾಂಕಿಗೆ ಕೊಡುವ ವಾರ್ಷಿಕ ವರದಿಗೆ ಖರೀದಿಸಿದ ಸಾಫ್ಟ್‌ವೇರ್ ಇರಲಿ, ಗ್ರಾಫು, ಬಣ್ಣ ಎಲ್ಲ ಅಚ್ಚುಕಟ್ಟಾಗಿ ಬರುತ್ತವೆ. ಸದಸ್ಯರ ರಿಪೋರ್ಟು ಮಾತ್ರ ಶಮೀಮಳದು. ಭಾಲ್ಕಿ ಕೇಂದ್ರದವರೂ ಅವಳಿಂದ ಕಲಿಯುತ್ತಿದ್ದಾರೆ. ತಿದ್ದಲು ಯಾರೂ ನನ್ನ ಮೇಜಿನತ್ತ ಬರಬೇಕಾಗಿಲ್ಲ.

ಶುಕ್ರವಾರ ಹೊಸ ರಿಪೋರ್ಟ್ ಗೋಡೆಗೆ ಹತ್ತಿತು. ಗಂಗಮ್ಮ ಬೆರಳಿಟ್ಟು ತನ್ನ ಹೆಸರು ಹುಡುಕಿದಳು. ಸಿಕ್ಕಿತು. ಆ ಬೆರಳು ಮೆಲ್ಲಗೆ ಹಾಳೆಯ ಮೇಲ್ತುದಿಗೆ ಹೋಯಿತು.

"ಕಾಕಾ, ನಿಮ್ಮ ಫೋಟೋ ಎಲ್ರಿ?"

"ಹೆಸರು ಹೆಚ್ಚಾದ್ವು. ಜಾಗ ಸಾಲಲಿಲ್ಲವ್ವ."

"ಇರ್ಲಿ ಬಿಡ್ರಿ. ನಿಮ್ಮ ಮಾರಿ ನಾವು ದಿನಾ ನೋಡಿದ್ದೇ ಅದ."

ಸೋಮವಾರ ಆಕೆ ನಾಮಪತ್ರ ಕೊಡಲು ಬಂದಳು. ಜೊತೆಗೆ ಟೆಂಪೊ ತುಂಬ ಊರಿನವರು. ಆಕೆ ಕೂತದ್ದು ಎಲ್ಲಿ ಅಂತ ನಾನು ಬೇರೆ ಹೇಳಬೇಕೇ?