ಒಂದು ತಿರುವು ಉಳಿಸಿ ಬಂದ ಗಿರಣಿ ಕಾಕಾ

ಕಳೆದ ವಾರ ಬೆಳ್ಳಟ್ಟಿಯಲ್ಲಿ ನನ್ನ ಗಿರಾಕಿಯೊಬ್ಬರ ಹೊಸ ಮನೆಯ ಪೂಜೆಗೆ ಹೋಗಿದ್ದೆ. ಮಂಗಳಾರತಿ ತಟ್ಟೆ ನನ್ನ ಮುಂದೆ ಬಂತು. ಕರ್ಪೂರದ ವಾಸನೆಗೆ ಉಳಿದವರೆಲ್ಲ ಕಣ್ಣು ಮುಚ್ಚಿ ಕೈಮುಗಿದರು. ನನಗೆ ಮಾತ್ರ ದೇವರ ಬದಲು ಒಂದು ಹಿಮದ ಬೆಟ್ಟ, ಅದರ ಅಂಚಿನಲ್ಲಿ ಒಂದು ಹಳೆಯ ಬೈಕು, ಬೈಕಿನ ಮೇಲೆ ಏದುಸಿರು ಬಿಡುತ್ತಿರುವ ನಮ್ಮ ಗಿರಣಿ ಕಾಕಾ ಕಂಡರು. ಆ ಬೆಟ್ಟವನ್ನು ನಾನು ನೋಡಿದವನಲ್ಲ. ಆದರೆ ಅದಕ್ಕೆ ನಾನು ಹೆದರಿದಷ್ಟು ಅಲ್ಲಿಗೆ ಹೋದವರೂ ಹೆದರಿರಲಿಕ್ಕಿಲ್ಲ.

ನಾನು ವಿಮೆ ಮಾರುವವನು. ಜನರಿಗೆ ಬರಬಹುದಾದ ಆಪತ್ತುಗಳನ್ನೆಲ್ಲ ಮೊದಲು ನಾನೇ ಊಹಿಸಿ ಬೆವರಿ, ಆಮೇಲೆ ಅವರಿಗೆ ಹೇಳುತ್ತೇನೆ. ಲಕ್ಷ್ಮೇಶ್ವರಕ್ಕೆ ಬೈಕಿನಲ್ಲಿ ಹೊರಟರೆ, ಪಂಕ್ಚರ್ ಆದರೆ ಏನು ಗತಿ ಎಂದು ಮುಳಗುಂದದವರೆಗೆ ಚಿಂತಿಸುತ್ತೇನೆ. ಇನ್ನೂ ಯಾಕೆ ಆಗಲಿಲ್ಲ ಎಂದು ಅಲ್ಲಿಂದ ಮುಂದೆ.

ಇಂಥವನ ಪಕ್ಕದ ಮನೆಯಲ್ಲಿ, ಬೆಟಗೇರಿಯ ನಮ್ಮ ಓಣಿಯಲ್ಲಿ, ದೇವರು ಗಿರಣಿ ಕಾಕಾರನ್ನು ಇಟ್ಟಿದ್ದ. ನನಗೆ ಸಂಬಂಧದಲ್ಲಿ ಕಾಕಾ ಅಲ್ಲ, ಓಣಿಗೆಲ್ಲ ಕಾಕಾ. ಮನೆಯ ಮುಂಭಾಗದಲ್ಲೇ ಅವರ ಹಿಟ್ಟಿನ ಗಿರಣಿ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಸದಾ ಬೆಳ್ಳಗೆ. ಅದರಲ್ಲಿ ವಯಸ್ಸೆಷ್ಟು, ಜೋಳದ ಹಿಟ್ಟೆಷ್ಟು ಎಂಬುದು ಅವರು ಸ್ನಾನ ಮಾಡಿದ ಮೇಲಷ್ಟೇ ತಿಳಿಯುತ್ತಿತ್ತು. ಆ ಹಿಟ್ಟು ಎದೆಯೊಳಗೂ ಇಳಿದು ದಮ್ಮು ಹಿಡಿದಿತ್ತು. ಡಾಕ್ಟರು ಗಿರಣಿ ಬಿಡಿ ಎಂದರು. ಕಾಕಾ ಗಿರಣಿಯನ್ನು ಆಳಿಗೆ ಒಪ್ಪಿಸಿ ಒಂದು ಹಳೆಯ ಬೈಕು ಕೊಂಡರು. ಇದನ್ನು ಡಾಕ್ಟರು ಹೇಳಿರಲಿಲ್ಲ.

ಭಾನುವಾರ ಬಂತೆಂದರೆ ಮುಂಡರಗಿ ಕಡೆ ಹೋಗಿ ಕಪ್ಪತಗುಡ್ಡ ಹತ್ತಿ ಇಳಿದು ಬರುತ್ತಿದ್ದರು. ಒಮ್ಮೆ ನನ್ನನ್ನೂ ಹಿಂದೆ ಕೂರಿಸಿಕೊಂಡರು. ದಾರಿಯ ಚೆಲುವನ್ನು ನಾನು ವರ್ಣಿಸಲಾರೆ, ಕಣ್ಣು ತೆರೆದಿರಲಿಲ್ಲ.

“ಲೇ ತಮ್ಮಾ, ಕಣ್ಣ ಬಿಡಲೇ. ಗಾಡಿ ನಿಂತು ಬಾಳ ಹೊತ್ತಾತು,” ಎಂದರು ಕಾಕಾ. ಆಮೇಲೆ ಗಾಳಿಗೆ ಮುಖವೊಡ್ಡಿ ನಿಂತು, “ಜೀವಮಾನ ಎಲ್ಲಾ ಹಿಟ್ಟು ಉಸಿರಾಡೀನಿ. ಒಮ್ಮೆರ ಹಿಮಾಲಯದ ಘಾಟ ಏರಿ ಸ್ವಚ್ಛ ಗಾಳಿ ಕುಡೀಬೇಕು ನೋಡು.”

“ಅಲ್ಲಿ ಗಾಳೀನ ಇರೂದಿಲ್ಲಂತ್ರಿ ಕಾಕಾ!”

“ಇದ್ದಷ್ಟರಾಗ ಹಿಟ್ಟಂತೂ ಇರೂದಿಲ್ಲಲಾ?”

ತಮಾಷೆ ಎಂದುಕೊಂಡು ನಾನು ಮತ್ತೆ ಕಣ್ಣು ಮುಚ್ಚಿಕೊಂಡು ಇಳಿದುಬಂದೆ.

ಹೊರಟು ನಿಂತವರನ್ನು ನಮ್ಮ ಕಡೆ ‘ಎಲ್ಲಿಗೆ’ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತೀರಾ ತಡೆಯಲಾಗದಿದ್ದರೆ ‘ದೂರ ಹೊಂಟ್ರೇನ್ರಿ’ ಎನ್ನಬಹುದು. ಅವರು ‘ಹೂಂ’ ಎಂದರೆ ಅಲ್ಲಿಗೆ ಮುಗಿಯಿತು. ಕಾಕಾ ಈ ಪದ್ಧತಿಯನ್ನೇ ನಂಬಿ ಹೊರಟರು. ಒಂದು ಬೆಳಿಗ್ಗೆ ನೋಡಿದರೆ ಬೈಕಿನ ಎರಡೂ ಮಗ್ಗುಲಿಗೆ ಚೀಲ, ಹಿಂದೆ ದೊಡ್ಡದೊಂದು ಬುತ್ತಿಗಂಟು. ನಳದ ಮುಂದೆ ಕೊಡ ಹಿಡಿದು ನಿಂತವರು, ಹಾಲು ಹಾಕುವವರು ಎಲ್ಲರೂ, “ದೂರ ಏನ್ರಿ ಕಾಕಾ?” ಎಂದರು. “ಹೂನ್ರಿ, ಜರಾ ದೂರ,” ಎಂದರು ಕಾಕಾ. ನಾನೂ ಅಷ್ಟೇ ಕೇಳಿದೆ, ಅಷ್ಟೇ ಉತ್ತರ ಪಡೆದೆ. ಮುಂದಿನ ಪ್ರಶ್ನೆ ಬಾಯಿಯವರೆಗೆ ಬಂದಿತ್ತು. ಹಿರಿಯರ ಪದ್ಧತಿ ಅದನ್ನು ಹಲ್ಲಿನ ಹಿಂದೆಯೇ ತಡೆಯಿತು. ಶಿರಹಟ್ಟಿಯ ಬೀಗರ ಮನೆಗಿರಬೇಕು ಎಂದುಕೊಂಡೆ. ಬೀಗರ ಮನೆಗೆ ಯಾರೂ ಉಣ್ಣೆಯ ಟೋಪಿ ಹಾಕಿಕೊಂಡು ಹೋಗುವುದಿಲ್ಲ ಎಂಬುದು ನನಗೆ ಹೊಳೆದದ್ದು ಮಧ್ಯಾಹ್ನ ಊಟಕ್ಕೆ ಕುಳಿತಾಗ.

ಅವರ ಹೆಂಡತಿ, ನಮ್ಮೆಲ್ಲರ ಕಾಕು, ಕಟ್ಟೆ ಇಳಿದು ಬಂದು ಅವರ ಅಂಗಿಯ ಜೇಬಿಗೆ ಕರ್ಪೂರದ ಪೊಟ್ಟಣವೊಂದನ್ನು ತುರುಕಿದ್ದರು. “ಹೋಗಿ ಬರ್ರಿ,” ಎಂದರು. “ಬರತೀನಿ,” ಎಂದರು ಕಾಕಾ. ಅಷ್ಟೇ ಮಾತು...

ಕೆಲವು ದಿನಗಳ ಮೇಲೆ ನನಗೆ ಫೋನ್ ಬಂತು. “ತಮ್ಮಾ, ಮನಾಲ್ಯಾಗ ಅದೀನಿ. ನಾಳೆ ಘಾಟ ಏರಾಕ ಸುರು ಮಾಡತೀನಿ. ಮುಂದ ನನ್ನ ಫೋನ್ ಹತ್ತೂದಿಲ್ಲಂತ. ನಿಮ್ಮ ಕಾಕುಗ ಸಾವಕಾಶ ಹೇಳು. ನನಗ ಧೈರ್ಯ ಇಲ್ಲ.” ಮೋಡಗಳ ಮೇಲೆ ಒಬ್ಬನೇ ಬೈಕು ಓಡಿಸಲು ಹೊರಟ ಮನುಷ್ಯನಿಗೆ ಇಲ್ಲದ ಧೈರ್ಯವನ್ನು ನನ್ನ ಹತ್ತಿರ ಹುಡುಕಿದ್ದರು! ನೀರು ಕುಡಿದು, ಮತ್ತೊಮ್ಮೆ ನೀರು ಕುಡಿದು, ಪಕ್ಕದ ಮನೆಗೆ ಹೋದೆ. ಕಾಕು ಬೇಳೆ ಹಸನು ಮಾಡುತ್ತಿದ್ದರು.

“ಕಾಕೂ, ಮೊದಲ ನೀವು ಕುಂಡ್ರಿ.”

“ನಾ ಕುಂತ ಅದೀನಿ. ನೀ ಕುಂಡ್ರು. ಮನಾಲಿ ಮುಟ್ಟಿದ್ರಂತೇನು?”

ನಾನು ಕುಳಿತೆ. ಕಾಕಾ ಗುಟ್ಟಾಗಿ ದಾರಿ ವಿಚಾರಿಸಿದ್ದೆಲ್ಲ ಅವರ ಕಿವಿಗೆ ಬಿದ್ದಿತ್ತಂತೆ. ಟ್ರಂಕಿನಿಂದ ಟೋಪಿ ತೆಗೆದು ಬಿಸಿಲಿಗೆ ಹಾಕಿದವರು ಅವರೇ. ಎತ್ತರದಲ್ಲಿ ಉಸಿರು ಸಿಕ್ಕಿಕೊಂಡರೆ ಕರ್ಪೂರ ಮೂಸಬೇಕಂತೆ ಎಂದು ಯಾರಿಂದಲೋ ತಿಳಿದುಕೊಂಡವರೂ ಅವರೇ. ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಆ ಗಂಟೂ ಅವರದೇ.

“ಎಲ್ಲಾ ಗೊತ್ತಿದ್ದೂ ಕೇಳಲಿಲ್ಲಲ್ರಿ ಕಾಕೂ!”

“ಕೇಳಿದ್ರ ಹೇಳತಿದ್ರು. ಹೇಳಿದ್ರ ನಾ ಬ್ಯಾಡ ಅನಬೇಕಾಗತಿತ್ತು. ನಾ ಬ್ಯಾಡ ಅಂದ್ರ ಖರೇನ ಬಿಡತಿದ್ರು ತಮ್ಮಾ... ಬಿಟ್ಟು, ಇಲ್ಲೇ ಕೆಮ್ಮಕೋತ ಕುಂಡ್ರತಿದ್ರು.”

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಟಿವಿಯಲ್ಲಿ ಎಲ್ಲಿ ಗುಡ್ಡ ಕುಸಿದರೂ ಅದು ಕಾಕಾರ ದಾರಿಯೇ ಎನಿಸುತ್ತಿತ್ತು. ಕಾಕುಗೆ ಸಮಾಧಾನ ಹೇಳಲು ಹೋಗಿ, ಅವರು ಮಾಡಿಕೊಟ್ಟ ಚಹಾ ಕುಡಿದು, ಅವರಿಂದಲೇ ಸಮಾಧಾನ ಹೇಳಿಸಿಕೊಂಡು ಬರುತ್ತಿದ್ದೆ. “ಬೈಕ್ ಮ್ಯಾಲೆ ಹೋದವರು ಅವರು, ಸೊರಗಿದಾಂವ ನೀನು,” ಎಂದು ಓಣಿಯ ಕಟ್ಟೆಯವರು ನಗುತ್ತಿದ್ದರು. ಕಾಕುಗೆ ಚಿಂತೆಯೇ ಇಲ್ಲವೇನೋ ಎಂದು ನನಗೂ ಅನಿಸಿತ್ತು... ಒಂದು ಮಧ್ಯಾಹ್ನದವರೆಗೆ. ಗಿರಣಿಯ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಕರೆಂಟ್ ಹೋಯಿತೆನ್ನೋಣವೆಂದರೆ ನಮ್ಮ ಮನೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಹೋಗಿ ನೋಡಿದೆ. ಜೋಳದ ಡಬ್ಬಿಗಳು ಸಾಲಾಗಿ ಕಾಯುತ್ತಿದ್ದವು. ಆಳು ಹೊರಗೆ ಬೀಡಿ ಸೇದುತ್ತ ಕುಳಿತಿದ್ದ. ಒಳಗೆ ಕಾಕು ಫೋನನ್ನು ಮಡಿಲಲ್ಲಿಟ್ಟುಕೊಂಡಿದ್ದರು.

“ಗಿರಣಿ ಸಪ್ಪಳದಾಗ ಫೋನ್ ಕೇಳೂದಿಲ್ಲ ನೋಡು,” ಎಂದರು, ನನ್ನ ಮುಖ ನೋಡದೆ.

ಆ ದಿನ ಫೋನ್ ಬರಲಿಲ್ಲ. ಮರುದಿನವೂ ಗಿರಣಿ ನಡೆಯಲಿಲ್ಲ. ಓಣಿಯ ಹೆಂಗಸರು ಗೊಣಗದೆ ಜೋಳ ಹೊತ್ತುಕೊಂಡು ಬೇರೆ ಕಡೆ ಬೀಸಿಸಲು ಹೋದರು. ಅದರ ಮರುದಿನ ಲೇಹ್‌ನ ಯಾವುದೋ ಲಾಡ್ಜಿನಿಂದ ಕರೆ ಬಂತು. ಕಾಕು ಸ್ಪೀಕರ್ ಗುಂಡಿ ಒತ್ತಿ ಫೋನನ್ನು ಪಕ್ಕದಲ್ಲಿದ್ದ ನನ್ನ ಕೈಗೆ ಕೊಟ್ಟುಬಿಟ್ಟರು.

“ದಾರ್ಯಾಗಿನ ಘಾಟ ಎಲ್ಲಾ ದಾಟಿದೆ ತಮ್ಮಾ. ಊರ ಆಚೆ ಎಲ್ಲಾದಕ್ಕಿಂತ ಎತ್ತರದ್ದೊಂದು ಐತಿ. ಇವತ್ತ ಹೋಗಿದ್ದೆ. ಒಂದ ತಿರುವು ಉಳಿದಿತ್ತು... ತಿರುಗಿ ಬಂದೆ.”

“ಒಂದ ತಿರುವಿಗೆ ಯಾಕ್ರಿ ಕಾಕಾ?” ಎಂದೆ. ಇಷ್ಟು ದಿನ ಅವರು ತಿರುಗಿ ಬಂದರೆ ಸಾಕೆಂದು ಬೇಡಿಕೊಂಡವನೇ ನಾನು!

“ಎದಿ ಬಿಗೀತಲೇ. ಏರತಿದ್ದೆ ಖರೆ, ಇಳೀತಿದ್ನೋ ಇಲ್ಲೋ. ನಿಮ್ಮ ಕಾಕುಗ ಬರತೀನಿ ಅಂತ ಹೇಳಿ ಬಂದೀನಲಾ.”

ಕಾಕು ಎದ್ದರು. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಿಗೆ ಹೋಗಿ ಆಳಿಗೆ, “ಚಾಲೂ ಮಾಡಪಾ ಗಿರಣಿ,” ಎಂದರು.

ಕಾಕಾ ಮರಳಿದಾಗ ಮೂಗಿನ ಚರ್ಮ ಸುಲಿದಿತ್ತು, ಮೈ ಅರ್ಧ ಆಗಿತ್ತು. ಓಣಿಯವರು ಹಾರ ತಂದು, ಎಲ್ಲಕ್ಕಿಂತ ಎತ್ತರದ ಘಾಟು ಏರಿದ ಬೆಟಗೇರಿಯ ಹುಲಿ ಎಂದು ಕೂಗಿದರು. “ಒಂದು ತಿರುವು ಕಮ್ಮಿ ಐತ್ರಿಪಾ. ಬೇಕಾದ್ರ ಬೆಟಗೇರಿ ಬೆಕ್ಕು ಅನ್ರಿ,” ಎಂದು ಹಾರ ತೆಗೆದು ಬೈಕಿಗೆ ಹಾಕಿದರು. ಆಮೇಲೆ ಯಾರು ಕೇಳಿದರೂ ದಾರಿಯ ಸುದ್ದಿಯನ್ನೆಲ್ಲ ರಸವತ್ತಾಗಿ ಹೇಳುತ್ತಿದ್ದರು. ಆ ತಿರುವಿಗೆ ಬಂದಾಗ ಮಾತ್ರ, “ಅಲ್ಲೇ ಒಂದು ಕಲ್ಲಿನ ಮ್ಯಾಲೆ ಬಾಳ ಹೊತ್ತು ಕುಂತಿದ್ದೆ...” ಎಂದು ನಿಲ್ಲಿಸಿ, ಬೈಕಿನ ಚೈನು ಸಡಿಲಾದ ಕತೆಗೆ ಹಾರಿಬಿಡುತ್ತಿದ್ದರು.

ಅವರು ತೀರಿಹೋಗಿ ಈಗ ಮೂರು ವರ್ಷ. ಬೆಟ್ಟ ಬಿಟ್ಟುಕೊಟ್ಟದ್ದನ್ನು ಹಿಟ್ಟು ಬಿಡಲಿಲ್ಲ. ಗಿರಣಿಯ ಬಾಗಿಲು ಮುಚ್ಚಿದೆ.

ಬೆಳ್ಳಟ್ಟಿಯಿಂದ ಬಂದ ಸಂಜೆ ಕಾಕುಗೆ ಪೂಜೆಯ ಪ್ರಸಾದ ಕೊಡಲು ಹೋದೆ. ಕಾಕಾ ನೆನಪಾದರು ಎಂದೆ. ಅವರು ಪ್ರಸಾದವನ್ನು ಕಣ್ಣಿಗೊತ್ತಿಕೊಂಡರು.

“ಆ ಕಲ್ಲಿನ ಮ್ಯಾಲೆ ಕುಂತು ಏನ ನೋಡಿದ್ರೋ, ಏನ ಅನಿಸಿತೋ... ನಿನಗೇನರ ಹೇಳಿದ್ರೇನು?”

“ಇಲ್ರಿ. ನೀವು ಕೇಳಿದ್ದಿಲ್ಲೇನು?”

“ಹೇಳೂ ಹೊತ್ತಿಗೆ ಹೇಳತಾರ ಅಂತ ಸುಮ್ಮನಿದ್ದೆ,” ಎಂದರು. ಆಮೇಲೆ, “ಕೇಳಬೇಕಿತ್ತು,” ಎಂದರು.

ಊರಿನ ಕೆಡುಕನ್ನೆಲ್ಲ ಮುಂಚಿತವಾಗಿ ಊಹಿಸಿ ಬೆವರುವ ನನಗೆ, ಕೇಳಬೇಕೆಂದಾಗ ಕಾಕಾ ಇರಲಿಕ್ಕಿಲ್ಲ ಎಂಬುದೊಂದು ಹೊಳೆದಿರಲೇ ಇಲ್ಲ. ಎಷ್ಟು ವರ್ಷ ಪಕ್ಕದ ಮನೆಯಲ್ಲೇ ಇದ್ದರು... ಗೋಡೆಯ ಈಚೆಯಿಂದ ಕೂಗಿದರೆ, ಏನಲೇ ತಮ್ಮಾ, ಎಂದು ಓಗೊಡುವಷ್ಟು ಹತ್ತಿರ.