ಆರನೆಯದು ಇಲ್ಲದ ರಕ್ತ

ಪಂಪ್ ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಎಷ್ಟು ಜನಕ್ಕೆ ಗೊತ್ತೋ ಹೇಳುವುದು ಕಷ್ಟ. ಎಲ್ಲರಿಗೂ ಅವಳು ತೂತಕ್ಕ. ಡ್ರಿಲ್ಲಿಂಗ್ ಮಷೀನಿನ ಮುಂದೆ ನಿಂತು ಪಂಪಿನ ಕವಚಕ್ಕೆ ಬೋಲ್ಟ್ ಕೂರುವ ತೂತು ಕೊರೆಯುವುದು ಅವಳ ಕೆಲಸ. ಬೇರೆ ಯಾರಾದರೂ ಆಗಿದ್ದರೆ ಆ ಹೆಸರಿಗೆ ಮುಖ ಗಂಟಿಕ್ಕುತ್ತಿದ್ದರು, ಇವಳಿಗೆ ಅದು ಬಿರುದು. ತಾನು ಕೊರೆದ ತೂತಿಗೆ ಬೋಲ್ಟು ಗೊಣಗದೆ ಹೋಗಿ ಕೂರುತ್ತದೆ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾಳೆ, ಅದರಲ್ಲಿ ಸುಳ್ಳೇನೂ ಇಲ್ಲ. ಎಡಗಿವಿ ಕೇಳಿಸುವುದಿಲ್ಲ. ಅದಕ್ಕೂ ಜಂಬವೇ. ಎಡಗಡೆಯ ಪ್ರೆಸ್ ಮಷೀನಿನ ಸದ್ದಿಗೆ ಉಳಿದವರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ಬಂದರೆ ಇವಳು ಹಾಗೇ ಬರುತ್ತಾಳೆ.

ಆ ಕಿವಿಯನ್ನು ತಿಂದದ್ದು ಮೆದುಳು ಜ್ವರ. ಅದು ಅವಳಿಗೆ ಒಂದಲ್ಲ, ಮೂರು ಸಲ ಬಂದಿತ್ತು. ಮೂರನೆಯ ಸಲ ಆಸ್ಪತ್ರೆಯಲ್ಲಿ ಎದ್ದು ಕೂತವಳೇ, ಈ ಜ್ವರವನ್ನು ಮೂರು ಸಲ ಮಣ್ಣು ಮುಕ್ಕಿಸಿದವಳು ನಾನು ಎಂದು ಪಕ್ಕದ ಮಂಚದವರಿಗೆ ಕೊಚ್ಚಿಕೊಂಡಳು. ಡಾಕ್ಟರಮ್ಮನಿಗೆ ಮಾತ್ರ ಅದು ಹೆಮ್ಮೆಯ ವಿಷಯ ಅನಿಸಲಿಲ್ಲ. ಒಂದೇ ಕಾಯಿಲೆ ಹೀಗೆ ಮತ್ತೆ ಮತ್ತೆ ಒಳಗೆ ನುಗ್ಗುತ್ತಿದೆ ಎಂದರೆ ಒಳಗೇ ಏನೋ ಕೊರತೆಯಿದೆ ಎಂದು ಅವರು ರಕ್ತ ಪರೀಕ್ಷೆ ಮಾಡಿಸಿದರು. ಉತ್ತರ ಬಂದ ಮೇಲೆ ಮಂಚದ ಬದಿಯಲ್ಲಿ ಕೂತು ಬಿಡಿಸಿ ಹೇಳಿದರು.

ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಒಂದು ಪಡೆ ಇರುತ್ತದಂತೆ. ಮೊದಲಿನವು ರೋಗಾಣುವನ್ನು ಹಿಡಿದು ಗುರುತು ಹಾಕುತ್ತವೆ, ಬಿಳಿ ರಕ್ತಕಣಗಳನ್ನು ಕೂಗಿ ಕರೆಯುತ್ತವೆ. ಕೊನೆಯವು, ಅಂದರೆ ಐದನೆಯದರಿಂದ ಒಂಬತ್ತನೆಯದರವರೆಗಿನವು, ಒಂದರ ಪಕ್ಕ ಒಂದು ಕೂಡಿಕೊಂಡು ಬಳೆಯ ಹಾಗಾಗಿ ರೋಗಾಣುವಿನ ಮೈಗೆ ತೂತು ಕೊರೆಯುತ್ತವೆ. ನೀರು ಒಳಗೆ ನುಗ್ಗಿ ಅದು ಒಡೆದುಹೋಗುತ್ತದೆ. ಬೇರೆ ರೋಗಾಣುಗಳನ್ನು ಕೊಲ್ಲಲು ಮೈಗೆ ನೂರು ದಾರಿಗಳಿವೆ, ಈ ಮೆದುಳು ಜ್ವರದ್ದಕ್ಕೆ ಮಾತ್ರ ತೂತೇ ಬೇಕು. ಇವಳ ಸಾಲಿನಲ್ಲಿ ಆರನೆಯದು ಹುಟ್ಟಿನಿಂದಲೇ ಇಲ್ಲ. ಆರನೆಯದಿಲ್ಲದೆ ಏಳನೆಯದು ಬಂದು ಕೂರುವುದಾದರೂ ಎಲ್ಲಿ?

"ಗುರುತು ಹಾಕೋರು ಇದ್ದಾರೆ, ತೂತು ಕೊರೆಯೋರೇ ಇಲ್ಲ" ಎಂದರು ಡಾಕ್ಟರಮ್ಮ.

ತೂತಕ್ಕ ಮಂಚ ಅಲುಗಾಡುವ ಹಾಗೆ ನಕ್ಕಳು. ಕಂಡ ಕಂಡ ಕಬ್ಬಿಣಕ್ಕೆಲ್ಲ ತೂತು ಕೊರೆಯುವವಳ ಮೈಯೊಳಗೇ ಆ ಕೆಲಸಕ್ಕೆ ಆಳಿಲ್ಲವೇ ಎಂದಳು. ಡಾಕ್ಟರಮ್ಮನೂ ನಕ್ಕು, ತೂತು ಕೊರೆಯುವುದೂ ಹತೋಟಿಯಲ್ಲಿದ್ದರೇ ಚೆಂದ, ಮೇಲಿನ ವಾರ್ಡಿನಲ್ಲಿ ಒಬ್ಬರಿಗೆ ಅದೇ ಪಡೆ ಹಾದಿ ತಪ್ಪಿ ಅವರದೇ ಕೆಂಪು ಕಣಗಳನ್ನು ಒಡೆಯುತ್ತಿದೆ, ಐದನೆಯದನ್ನು ಕಟ್ಟಿಹಾಕುವ ಔಷಧಿ ಕೊಡುತ್ತಿದ್ದೇವೆ ಎಂದರು. ಆಮೇಲೆ ಗಂಭೀರವಾಗಿ, ಇದು ಒಡಹುಟ್ಟಿದವರಲ್ಲೂ ಇರಬಹುದು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು.

ತೂತಕ್ಕನ ನಗು ಅಲ್ಲಿಗೆ ನಿಂತಿತು. ಮನೆಯಲ್ಲಿ ತಂಗಿಯಿದ್ದಳು. ಅಗ್ನಿಶಾಮಕ ದಳಕ್ಕೆ ಆಯ್ಕೆಯಾಗಿ, ತರಬೇತಿಗೆ ಹೊರಡಲು ತುದಿಗಾಲಲ್ಲಿ ನಿಂತಿದ್ದಳು. ಅಲ್ಲಿ ಒಂದೇ ದೊಡ್ಡ ಕೋಣೆಯಲ್ಲಿ ಸಾಲು ಮಂಚ, ಮೂಗಿಗೆ ಮೂಗು ತಾಗುವಷ್ಟು ಜನ. ಈ ರೋಗಾಣು ಹಬ್ಬುವುದೇ ಅಂಥ ಕಡೆ.

ಇನ್ನು ಅಮ್ಮ. ಅಮ್ಮ ಹೆತ್ತದ್ದು ಮೂವರನ್ನು. ಎಲ್ಲರಿಗಿಂತ ದೊಡ್ಡವನು ಶಾಲೆಗೆ ಸೇರುವ ಮೊದಲೇ ಜ್ವರ ಬಂದು ಒಂದೇ ದಿನದಲ್ಲಿ ಹೋಗಿಬಿಟ್ಟ. ಅವತ್ತು ಬೆಳಿಗ್ಗೆ ಅಮ್ಮ ಅವನಿಗೆ ತಣ್ಣೀರು ಸ್ನಾನ ಮಾಡಿಸಿದ್ದಳು. ಆಮೇಲೆ ಆ ಮನೆಯಲ್ಲಿ ಸುಡು ಬೇಸಿಗೆಯಲ್ಲೂ ಯಾರೂ ತಣ್ಣೀರು ಮುಟ್ಟಿದ್ದಿಲ್ಲ. ಯಾರಾದರೂ ಎಷ್ಟು ಮಕ್ಕಳು ಎಂದು ಕೇಳಿದರೆ ಅಮ್ಮ ಇಬ್ಬರು ಎಂದು ಹೇಳಿ ಮಾತು ಬದಲಿಸುತ್ತಿದ್ದಳು.

ಸುದ್ದಿ ಕೇಳಿ ಅಮ್ಮ ಪಟ್ಟು ಹಿಡಿದಳು. ರಕ್ತದಲ್ಲಿ ಕೊರತೆಯಿದ್ದರೆ ತಂಗಿ ಹೊಸ್ತಿಲು ದಾಟುವ ಹಾಗಿಲ್ಲ. ಆರು ತಿಂಗಳು ಮೈಮುರಿದು ಓಡಿ, ಹಗ್ಗ ಹತ್ತಿ ಆಯ್ಕೆಯಾದ ಹುಡುಗಿ ತೋಳು ಚಾಚಿ ರಕ್ತ ಕೊಟ್ಟಳು. ಊರಾಚೆಯ ಲ್ಯಾಬಿಗೆ ಅದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ಬೇಗ ಮುಟ್ಟಿಸಬೇಕಿತ್ತು. ನಾನೇ ಒಯ್ಯುತ್ತೇನೆ ಎಂದು ಅಮ್ಮ ಬಸ್ಸು ಹತ್ತಿದಳು. ಲ್ಯಾಬಿನಲ್ಲಿ ಆ ರಕ್ತದ ತಿಳಿಯನ್ನು ಕುರಿಯ ಕೆಂಪು ಕಣಗಳಿಗೆ ಬೆರೆಸುತ್ತಾರೆ. ಪಡೆ ಸರಿಯಿದ್ದರೆ ಕಣಗಳು ಒಡೆದು ಕೊಳವೆಯೆಲ್ಲ ಕೆಂಪಾಗಬೇಕು. ತಂಗಿಯದರಲ್ಲಿ ಒಂದೂ ಒಡೆಯಲಿಲ್ಲ. ಎಲ್ಲ ಹಾಗೇ ತಳಕ್ಕಿಳಿದು ಅಂಗಿಯ ಕೆಂಪು ಗುಂಡಿಯಂತೆ ಕೂತವು. ಸೊನ್ನೆ.

ತಂಗಿ ಓಡುವ ಬೂಟುಗಳನ್ನು ತೊಳೆದು ಅಟ್ಟಕ್ಕೆ ಹಾಕಿದಳು. ತನಗಿದ್ದರೆ ಇರಲಿ, ಇವಳಿಗೇಕೆ ಎಂದು ಮೊದಲ ಸಲ ತೂತಕ್ಕನಿಗೆ ತನ್ನ ರಕ್ತದ ಮೇಲೆ ಸಿಟ್ಟು ಬಂತು.

ಆದರೆ ಡಾಕ್ಟರಮ್ಮ ಅಕ್ಕತಂಗಿಯರಿಬ್ಬರನ್ನೂ ಅಮ್ಮನನ್ನೂ ಕರೆಸಿ, ಈ ಪ್ರೋಟೀನುಗಳು ಬೆಚ್ಚಗಾದರೆ ಸತ್ವ ಕಳೆದುಕೊಳ್ಳುತ್ತವೆ, ಆಗಲೂ ಸೊನ್ನೆಯೇ ಬರುತ್ತದೆ, ರಕ್ತವನ್ನು ಲ್ಯಾಬಿಗೆ ಹೇಗೆ ಒಯ್ದಿರಿ ಎಂದು ಕೇಳಿದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಬಸ್ಸಿನಲ್ಲಿ ಕೊಳವೆಯನ್ನು ಮಂಜುಗಡ್ಡೆಯಿಂದ ತೆಗೆದು ಎದೆಗೆ ಒತ್ತಿಕೊಂಡು, ಮೇಲೆ ಶಾಲು ಹೊದ್ದು ಒಯ್ದಿದ್ದಳಂತೆ.

"ಮಗು ರಕ್ತ ಅಲ್ವಾ, ಮಂಜುಗಡ್ಡೇಲಿ ಇಡೋಕೆ ಮನಸ್ಸು ಬರಲಿಲ್ಲ" ಎಂದಳು. "ತಣ್ಣೀರು ಸ್ನಾನ ಮಾಡಿಸಿದ್ದೆ, ಅವತ್ತೇ ದೊಡ್ಡವನು ನನ್ನ ಕೈಯಲ್ಲೇ ಹಾಗೆ ತಣ್ಣಗಾಗಿದ್ದ."

ಯಾರೂ ಬೈಯಲಿಲ್ಲ. ಮತ್ತೆ ರಕ್ತ ತೆಗೆದರು. ಬೇಡವೆಂದರೂ ಕೇಳದೆ ಈ ಸಲವೂ ಅಮ್ಮನೇ ಒಯ್ದಳು. ತೂತಕ್ಕ ಜೊತೆಗೆ ಹೋದಳು. ಡಬ್ಬಿಯ ಮುಚ್ಚಳ ಎಲ್ಲಿ ತೆರೆದುಕೊಳ್ಳುತ್ತದೋ ಎಂದು ಅಮ್ಮ ದಾರಿಯುದ್ದಕ್ಕೂ ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು. ಇಳಿಯುವಾಗ ಬೆರಳುಗಳು ಮರಗಟ್ಟಿ ಹೋಗಿದ್ದವು. ತೂತಕ್ಕನಿಗೆ ಅಮ್ಮನ ಬಗ್ಗೆ ಅಷ್ಟು ಹೆಮ್ಮೆ ಹಿಂದೆಂದೂ ಅನಿಸಿರಲಿಲ್ಲ.

ಉತ್ತರ ಮತ್ತೆ ಸೊನ್ನೆಯೇ. ತಂಗಿಯಲ್ಲೂ ಆರನೆಯದಿಲ್ಲ ಎಂದು ಇನ್ನೊಂದು ಪರೀಕ್ಷೆ ಖಚಿತಪಡಿಸಿತು. ಡಾಕ್ಟರಮ್ಮ ಒಂದೊಂದಾಗಿ ಹೇಳಿದರು. ಈ ಜ್ವರಕ್ಕೆ ಲಸಿಕೆಗಳಿವೆ, ಹಾಕಿಸಿಕೊಂಡು, ಕೆಲವು ವರ್ಷಗಳಿಗೊಮ್ಮೆ ಮತ್ತೆ ಹಾಕಿಸಬೇಕು. ಮೈ ಬಿಸಿಯಾದರೆ ನಾಳೆ ನೋಡೋಣ ಎನ್ನದೆ ಆಸ್ಪತ್ರೆಗೆ ಓಡಬೇಕು. ಇಷ್ಟು ಮಾಡಿದರೆ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ದಳದವರಿಗೆ ನಾನೇ ತಿಳಿಸುತ್ತೇನೆ ಎಂದರು. ಕೊನೆಗೆ ಅಮ್ಮನ ಕಡೆ ತಿರುಗಿ, ಹೋದ ಮಗನ ರಕ್ತವೂ ಹೀಗೇ ಇದ್ದಿರಬಹುದು, ಅದನ್ನು ಈಗ ಪರೀಕ್ಷಿಸಿ ಹೇಳಲಾಗದು ಎಂದರು.

"ಆದ್ರೆ ಒಂದು ಮಾತು ಖಂಡಿತ ಹೇಳ್ತೀನಿ. ತಣ್ಣೀರಿಂದ ಈ ಜ್ವರ ಬರಲ್ಲ ಅಮ್ಮ."

ಅಮ್ಮ ಬಹಳ ಹೊತ್ತು ಅತ್ತಳು. ಅಳು ತಹಬಂದಿಗೆ ಬಂದ ಮೇಲೆ ತೂತಕ್ಕ ಅವಳ ಕೈ ಹಿಡಿದುಕೊಂಡಳು. "ನಾನು ಏನೂ ಗೊತ್ತಿಲ್ದೇ ಮೂರು ಸಲ ಬಿದ್ದು ಎದ್ದಿದ್ದೀನಮ್ಮ. ಇವಳು ಎಲ್ಲ ಗೊತ್ತಿದ್ದು ಹೋಗ್ತಾಳೆ. ಕಳ್ಸು."

ಮನೆಗೆ ಬಂದ ಅಮ್ಮ ಸ್ಟೂಲು ಹಾಕಿಕೊಂಡು ಅಟ್ಟದಿಂದ ಬೂಟುಗಳನ್ನು ಇಳಿಸಿದಳು.

ತರಬೇತಿ ಮುಗಿದ ದಿನ ಮೈದಾನದ ಬೆಂಚಿನ ಮೇಲೆ ತೂತಕ್ಕ ಕೂತಿದ್ದಳು, ಅವಳ ಎಡಕ್ಕೆ ಅಮ್ಮ. ಮೈಮೇಲೆ ನೀರು ಸುರಿಯುತ್ತಿದ್ದರೂ ತಂಗಿ ಎತ್ತರದ ಏಣಿಯನ್ನು ಸರಸರನೆ ಏರುತ್ತಿದ್ದಳು. ಅದು ತಣ್ಣೀರೇ. ಪಕ್ಕದ ಹೆಂಗಸು ಯಾರ ಮಗಳೋ ಎಂದು ಮೂಗಿನ ಮೇಲೆ ಬೆರಳಿಟ್ಟಾಗ ಅಮ್ಮ ನನ್ನ ಮಗಳು ಎಂದಳು. ಎಷ್ಟು ಮಕ್ಕಳು ನಿಮಗೆ ಎಂದು ಆಕೆ ಮಾತು ಮುಂದುವರಿಸಿದಳು.

ಅಮ್ಮ ಏರುದನಿಯಲ್ಲಿ ಹೇಳಿದ್ದು ತೂತಕ್ಕನ ಕೇಳದ ಎಡಗಿವಿಯನ್ನು ದಾಟಿ ಬಲಗಿವಿಗೆ ಕೇಳಿಸಿತು.

"ಮೂವರು."